ಅಕ್ಷರಕ್ಕೆ ಕಾಪು

ಅಳಿಯದೆ ಉಳಿಯುವುದರಿಂದಲೇ ಅದಕ್ಕೆ ‘ಅಕ್ಷರ’ವೆಂಬ ಹೆಸರು ಬಂದಿತೆಂದು ವೈಯಾಕರಣರು ವ್ಯುತ್ಪತ್ತಿ ಹೇಳುತ್ತಾರೆ. ಆಡಿದ ಮಾತು ಗಾಳಿಗೆ ಸಲ್ಲುತ್ತದೆ. ಬರೆದ ಮಾತು ನಿಲ್ಲುತ್ತದೆ. ಆದರೆ ಬರೆದುದೆಲ್ಲವೂ ನಿಂತೇ ನಿಲ್ಲುವುದೆಂಬ ನಿಯಮವೇನೂ ಇಲ್ಲ. ಓಲೆಗರಿಯನ್ನು ಗೆದ್ದಲು ತಿಂದುದುಂಟು; ಕಾಗದವನ್ನು ಮಳೆನೀರು ಕೆಡಿಸಿದುದುಂಟು. ಇಂದು ಗಣಕಯಂತ್ರದ ಮುಂದೆ ಎರಡು ಗಂಟೆ ಕುಳಿತು ಬರೆದ ಲೇಖನವೊಂದು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಕಾಣದಾಗುವುದೂ ಉಂಟು. ಈ ನಷ್ಟದ ಕಾರಣವನ್ನೂ ಪರಿಹಾರವನ್ನೂ ಅರಿತಿರುವುದು ವಿದ್ಯಾಸಂಸ್ಥೆಗಳಿಗೆ ಅತ್ಯವಶ್ಯಕ.

ಬರಹದ ಅಳಿವು ಉಳಿವುಗಳಿಗೆ ಉಡುಪಿಯ ಸೀಮೆಯಲ್ಲಿಯೇ ಒಂದು ನಿದರ್ಶನವುಂಟು. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದುಕೊಂಡು ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ರಚಿಸಿದನು. ಕನ್ನಡಿಗರೆಲ್ಲ ‘ಮುದ್ದಣ’ನೆಂದು ಕೊಂಡಾಡುವ ಕವಿ ಈತನೇ. ಈ ಕೃತಿಗಳು ಮೈಸೂರಿನ ಮಾಸಪತ್ರಿಕೆಗಳ ಮೂಲಕ ಅಚ್ಚಾಗಿ ಹೊರಬಂದುವು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಕವಿಗೆ ಮೂವತ್ತೊಂದೇ ವರ್ಷ. ‘ಗೋದಾವರಿ’ಯೆಂಬ ಕಾದಂಬರಿಯನ್ನೂ ಅವನು ಕೈಗೊಂಡಿದ್ದನೆಂದು ಅವನ ಜೀವನವನ್ನು ಬರೆದವರು ತಿಳಿಸುತ್ತಾರೆ; ಆದರೆ ಅದು ಓದುಗರ ಕೈಗೆ ಬರಲಿಲ್ಲ. ಬರೆದ ಕೈ ಒಂದೇ. ಅಚ್ಚಾಗಿ ಹತ್ತು ಕಡೆ ಸೇರಿದುದು ಉಳಿಯಿತು. ಅಚ್ಚಾಗದೆ ನಿಂತುದು ಕಾಣದಾಯಿತು. ಯಂತ್ರ ಬದಲಾದರೂ ಈ ನಿಯಮ ಬದಲಾಗಿಲ್ಲ.

ಒಂದು ಸನ್ನಿವೇಶವನ್ನು ಊಹಿಸಬಹುದು. ಆಷಾಢದ ಒಂದು ಸಂಜೆ ಕಾಪುವಿನ ನಿವೃತ್ತ ಉಪಾಧ್ಯಾಯರೊಬ್ಬರು ತಾವು ಕಲಿತ ಶಾಲೆಯ ನೆನಪುಗಳನ್ನು ಅಂತರ್ಜಾಲದ ಪುಟವೊಂದರಲ್ಲಿ ಬರೆಯುತ್ತಿದ್ದಾರೆ. ಹೊರಗೆ ಬಿರುಗಾಳಿ, ಜಡಿಮಳೆ. ಕೊನೆಯ ವಾಕ್ಯ ಮುಗಿಸಿ ‘ಕಳುಹಿಸು’ ಎಂಬ ಗುಂಡಿಯನ್ನು ಒತ್ತುವಷ್ಟರಲ್ಲಿ ವಿದ್ಯುತ್ತು ಹೋಗುತ್ತದೆ. ಮರಳಿ ಬಂದಾಗ ಪುಟವಿದೆ, ಬರಹವಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಕಷ್ಟಪಟ್ಟು ನೆನೆದು ಬರೆದುದನ್ನು ಅವರು ಮತ್ತೊಮ್ಮೆ ಬರೆಯುವರೆಂಬ ಭರವಸೆಯಿಲ್ಲ. ಅವರೊಡನೆ ಓದಿದವರಲ್ಲಿ ಅದನ್ನು ಬರೆಯಬಲ್ಲವರು ಬೇರೆ ಯಾರೂ ಉಳಿದಿರಲಾರರು.

ಇಲ್ಲಿ ನಡೆದುದೇನು? ಗಣಕಯಂತ್ರಕ್ಕೆ ಎರಡು ಬಗೆಯ ಸ್ಮರಣೆಗಳಿವೆ. ಒಂದು ಕ್ಷಣಿಕ, ಇನ್ನೊಂದು ಸ್ಥಿರ. ಕೀಲಿಮಣೆಯ ಮೇಲೆ ಒತ್ತಿದ ಅಕ್ಷರ ಮೊದಲು ಸೇರುವುದು ಕ್ಷಣಿಕ ಸ್ಮರಣೆಯನ್ನು. ವಿದ್ಯುತ್ತು ನಿಂತೊಡನೆ ಅದು ಬರಿದಾಗುತ್ತದೆ. ‘ಸೇವ್’ ಮಾಡಿದ ಬಳಿಕವೇ ಬರಹ ಡಿಸ್ಕಿನಲ್ಲಿ ನೆಲೆಗೊಳ್ಳುತ್ತದೆ. ಮಕ್ಕಳ ಸ್ಲೇಟಿಗೂ ಓಲೆಯ ಮೇಲೆ ಕಂಠದಿಂದ ಕೊರೆದ ಗೀಟಿಗೂ ಇರುವ ಅಂತರವೇ ಇವೆರಡಕ್ಕೂ ಇದೆ. ಪರದೆಯ ಮೇಲೆ ಕಾಣುವುದೆಲ್ಲ ಬರೆದಿಟ್ಟುದಾಗಿದೆಯೆಂದು ಭಾವಿಸುವುದೇ ಮೊದಲನೆಯ ತಪ್ಪು.

ಅಂತರ್ಜಾಲದ ಪುಟದಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿ ಬರೆದುದು ದೂರದ ಸರ್ವರನ್ನು ತಲುಪುವವರೆಗೆ ಬರೆಯುವವನ ಯಂತ್ರದಲ್ಲಿಯೇ ತೂಗಾಡುತ್ತಿರುತ್ತದೆ. ಒಳಗೆ ಪ್ರವೇಶ ಪಡೆದವನಿಗೆ ಸರ್ವರು ಹಲವೆಡೆ ಇಂತಿಷ್ಟು ಹೊತ್ತು ಎಂದು ಗಡುವು ವಿಧಿಸುತ್ತದೆ. ನಿಧಾನವಾಗಿ ಯೋಚಿಸಿ ಬರೆಯುವವನ ಗಡುವು ಅವನಿಗರಿವಿಲ್ಲದೆ ಮುಗಿದಿರುತ್ತದೆ. ಗುಂಡಿಯನ್ನು ಒತ್ತಿದಾಗ ಬರಹವನ್ನು ಸ್ವೀಕರಿಸದೆ ಮತ್ತೆ ಹೆಸರು, ಗುಪ್ತಪದಗಳನ್ನು ಕೇಳುತ್ತದೆ. ಆತುರದಿಂದ ಬರೆದವನ ಲೇಖನ ಸೇರಿ, ವಿಚಾರಮಾಡಿ ಬರೆದವನದು ಕಳೆದುಹೋಗುವುದಕ್ಕೆ ಇದೇ ಕಾರಣ. ಪುಟವೇ ಮುಚ್ಚಿಹೋಗುವುದೂ ಉಂಟು. ಅಮೆರಿಕದ ಯಾಹೂ ಸಂಸ್ಥೆಯು ‘ಜಿಯೋಸಿಟೀಸ್’ ಎಂಬ ತನ್ನ ಸೇವೆಯನ್ನು ಅಲ್ಲಿ 2009ರಲ್ಲಿ ನಿಲ್ಲಿಸಿದಾಗ ಲಕ್ಷಾಂತರ ಜನರು ತಾವೇ ಕಟ್ಟಿಕೊಂಡಿದ್ದ ಪುಟಗಳು ಮೂಲಸ್ಥಾನದಲ್ಲಿ ಇಲ್ಲದಾದುವು.

ಕನ್ನಡಿಗರಿಗೆ ಇದಲ್ಲದೆ ಮತ್ತೊಂದು ಬಗೆಯ ನಷ್ಟವೂ ಪರಿಚಿತ. ಹತ್ತಿಪ್ಪತ್ತು ವರ್ಷಗಳ ಹಿಂದಿನ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಬರಹ ಅಳಿದಿಲ್ಲ; ಅದನ್ನು ಓದುವ ಕೀಲಿ ಕಳೆದಿದೆ. ಹಿಂದಿನ ತಂತ್ರಾಂಶಗಳಲ್ಲಿ ಒಂದೊಂದು ಅಕ್ಷರಶೈಲಿಯೂ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಗೆರೆ, ಕೊಂಬು, ಒತ್ತುಗಳನ್ನು ತನಗೆ ತೋರಿದಂತೆ ಇರಿಸಿಕೊಂಡಿತ್ತು. ಆ ಶೈಲಿ ಯಂತ್ರದಲ್ಲಿಲ್ಲದಿದ್ದರೆ ಪುಟ ಒಗಟಾಗುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಹಿತೆಯು ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳನ್ನು ಮೀಸಲಿಟ್ಟಿತು. ಅದರಲ್ಲಿ ‘ಅಕ್ಷರ’ವೆಂಬ ಪದವು ಅ, ಕ, ವಿರಾಮಚಿಹ್ನೆಯಾದ ಹಲಂತ, ಷ, ರ ಎಂಬ ಐದು ಸಂಕೇತಗಳಾಗಿ ನಿಲ್ಲುತ್ತದೆ. ಆಕಾರವನ್ನು ಬಿಟ್ಟು ವರ್ಣವನ್ನೇ ಹಿಡಿಯುವ ಈ ಕ್ರಮ ಶಬ್ದಶಾಸ್ತ್ರಕ್ಕೆ ಸಮ್ಮತವಾದುದು. ಉಡುಪಿ ಮಣಿಪಾಲಗಳೊಡನೆ ನಂಟುಳ್ಳ ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯನ್ನು ರೂಪಿಸುವಾಗ ಅನುಸರಿಸಿದುದೂ ವರ್ಣಗಳ ಈ ಮಾರ್ಗವನ್ನೇ. ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ದೊರೆಯುತ್ತವೆ. ಆದರೆ ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಕರಡು ತಿದ್ದಲೇಬೇಕು.

ಕಳೆದುದನ್ನು ಮರಳಿ ಪಡೆಯಲು ಸಾಧ್ಯವೇ? ಕೆಲವೊಮ್ಮೆ ಸಾಧ್ಯ. ಪುಟವನ್ನು ಮುಚ್ಚದೆ ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಒತ್ತಿದರೆ ಬರಹ ಕಾಣಬಹುದು. ಬರವಣಿಗೆಯ ತಂತ್ರಾಂಶಗಳು ನಡುನಡುವೆ ತಾವೇ ಒಂದು ಪ್ರತಿಯನ್ನಿರಿಸಿ, ಯಂತ್ರ ಮರಳಿ ಎದ್ದಾಗ ಅದನ್ನು ತೋರಿಸುವುದುಂಟು. ಕಡತವನ್ನು ಅಳಿಸಿದಾಗ ಹಳೆಯ ಬಗೆಯ ತಿರುಗುವ ಡಿಸ್ಕಿನಲ್ಲಿ ಅಳಿಯುವುದು ಅದರ ವಿಳಾಸವಷ್ಟೇ. ಅದೇ ಜಾಗದಲ್ಲಿ ಬೇರೊಂದನ್ನು ಬರೆಯುವವರೆಗೆ ಬರಹ ಉಳಿದಿರುತ್ತದೆ. ಆದುದರಿಂದ ಅಂತಹ ಯಂತ್ರವನ್ನು ಮತ್ತೆ ಬಳಸದೆ ಬಲ್ಲವರಿಗೆ ಒಪ್ಪಿಸುವುದು ಲೇಸು. ಇವಾವುವೂ ಫಲಿಸದಿದ್ದರೆ ತಡಮಾಡದೆ ಪುನಃ ಬರೆಯಬೇಕು. ಮನಸ್ಸಿನಲ್ಲಿ ವಾಕ್ಯಗಳು ಹಸಿಯಾಗಿರುವಾಗಲೇ ಕುಳಿತರೆ ಬಹುಭಾಗ ಮರಳುತ್ತದೆ. ಬೇಸರದಿಂದ ವಾರ ಕಳೆದರೆ ಅದೂ ಹೋಗುತ್ತದೆ.

ಪರಿಹಾರಕ್ಕಿಂತ ಎಚ್ಚರ ಮೇಲು. ಅಂತರ್ಜಾಲಕ್ಕೆ ಕಳುಹಿಸಬೇಕಾದುದನ್ನು ಮೊದಲು ತನ್ನ ಯಂತ್ರದಲ್ಲಿಯೇ ಬರೆದು ಉಳಿಸಿ, ಅನಂತರ ಅಲ್ಲಿಗೆ ನಕಲಿಸಬೇಕು. ಕಂಡಿಕೆ ಮುಗಿದಾಗಲೆಲ್ಲ ಉಳಿಸುವ ಅಭ್ಯಾಸವಿರಬೇಕು. ಮುಖ್ಯವಾದ ಬರಹಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಬೇರೆ ಊರಿನಲ್ಲಿರಲಿ. ಇದು ಗಣಕಶಾಸ್ತ್ರಜ್ಞರು ಹೇಳುವ ಸೂತ್ರ.

ಈ ಸೂತ್ರ ಹೊಸದೆನಿಸಿದರೂ ಆಚಾರ ಹಳೆಯದು. ಓಲೆ ಜೀರ್ಣವಾಗುವ ಮೊದಲೇ ಹೊಸ ಓಲೆಗೆ ಪ್ರತಿಮಾಡಿಕೊಳ್ಳುವುದು ಲಿಪಿಕಾರರ ಕರ್ತವ್ಯವಾಗಿತ್ತು. ಮಠಗಳಲ್ಲಿಯೂ ಮನೆಗಳಲ್ಲಿಯೂ ಹೀಗೆ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗಿ ಉಳಿದುದರಿಂದಲೇ ಹನ್ನೆರಡನೆಯ ಶತಮಾನದ ಶರಣರ ವಚನಗಳು ಫ. ಗು. ಹಳಕಟ್ಟಿಯವರ ಕೈಗೆ ದೊರೆತು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವಾಗಿ ಅಚ್ಚಿನ ಬೆಳಕು ಕಂಡುವು. ಆ ಲಿಪಿಕಾರರಲ್ಲಿ ಬಹುಮಂದಿಯ ಹೆಸರು ಯಾರಿಗೂ ತಿಳಿಯದು. ಅವರು ಬೆವರು ಸುರಿಸದಿದ್ದರೆ ಹಳಕಟ್ಟಿಯವರ ಶ್ರಮಕ್ಕೂ ಆಧಾರವಿರುತ್ತಿರಲಿಲ್ಲ.

ಕನ್ನಡದಲ್ಲಿ ‘ಕಾಪು’ ಎಂದರೆ ರಕ್ಷಣೆ. ಪ್ರತಿಯೊಂದು ಶಾಲೆಯೂ ತನ್ನ ಹಳೆಯ ವಿದ್ಯಾರ್ಥಿಗಳ ನೆನಪುಗಳನ್ನೂ ಗುರುಗಳ ಉಪನ್ಯಾಸಗಳನ್ನೂ ವಾರ್ಷಿಕ ಸಂಚಿಕೆಗಳನ್ನೂ ಕಾಯಲು ಒಬ್ಬರನ್ನಾದರೂ ಹೊಣೆಗಾರರನ್ನಾಗಿ ನೇಮಿಸುವುದು ಉಚಿತ. ದಾನಿಗಳು ಕಟ್ಟಡಕ್ಕೆ ನೀಡುವ ಧನದಲ್ಲಿ ಅಲ್ಪಭಾಗ ಇದಕ್ಕೂ ಸಂದರೆ ಅದೂ ವಿದ್ಯಾದಾನವೇ. ಅಕ್ಷರ ತಾನಾಗಿ ಅಕ್ಷಯವಾಗದು. ಕಾಯುವವರಿದ್ದಲ್ಲಿ ಮಾತ್ರ ಅದು ತನ್ನ ಹೆಸರನ್ನು ಸಾರ್ಥಕಗೊಳಿಸುತ್ತದೆ.