ಸಮುದ್ರಕ್ಕೆ ಹೋದ ನೀರು ಹಾಳೇ?

ಕನ್ನಂಬಾಡಿ ಕಟ್ಟೆ ತುಂಬಿತೆಂದರೆ ಮೈಸೂರಿನ ಹೋಟೆಲು ಬೆಂಚುಗಳ ಮೇಲೆ ಒಂದು ಮಾತು ತಪ್ಪದೆ ಬರುತ್ತದೆ. "ನೋಡಿ ಸ್ವಾಮಿ, ಅಷ್ಟು ನೀರೂ ಹೋಗಿ ಸಮುದ್ರಕ್ಕೆ ಬೀಳುತ್ತೆ. ಸುಮ್ನೆ ಹಾಳು!" ಎದುರಿಗೆ ಕೂತವರು ಕಾಫಿ ಲೋಟ ಕೆಳಗಿಟ್ಟು ಹೌದೌದೆಂದು ತಲೆಯಾಡಿಸುತ್ತಾರೆ. 2025ರಲ್ಲಿ ಇತಿಹಾಸದಲ್ಲೇ ಮೊದಲ ಬಾರಿಗೆ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿ, 30ನೇ ತಾರೀಖು ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದಾಗಲೂ ಈ ಮಾತು ಕೇಳಿಬಂತು.

ಆ ಮಾತಿನ ಹಿಂದೆ ಸಂಕಟವಿಲ್ಲದೆ ಇಲ್ಲ. 2023ರಲ್ಲಿ ಮಳೆ ಕೈಕೊಟ್ಟು 124.80 ಅಡಿಯ ಕಟ್ಟೆ ತುಂಬಲೇ ಇಲ್ಲ. ಮಂಡ್ಯದಲ್ಲಿ ಧರಣಿ, ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್. ಒಣಗಿದ ಗದ್ದೆಯ ಬದುವಿನ ಮೇಲೆ ನಿಂತವನಿಗೆ ಒಂದು ಬೊಗಸೆ ನೀರು ಕೈತಪ್ಪಿದರೂ ಹೊಟ್ಟೆ ಉರಿಯುವುದು ಸಹಜವೇ. ನೀರಿನ ಹಂಚಿಕೆಯಲ್ಲಿ ಯಾರಿಗೆಷ್ಟು ಎಂಬ ವ್ಯಾಜ್ಯಕ್ಕೆ ಈ ಅಂಕಣ ಕೈಹಾಕುವುದಿಲ್ಲ. ಆದರೆ 'ಹಾಳು' ಎಂಬ ಆ ಒಂದು ಪದವನ್ನು ಮಾತ್ರ ಇವತ್ತು ಸ್ವಲ್ಪ ವಿಚಾರಿಸೋಣ.

ಅಳಿವೆಯ ಕೆಲಸ

ನದಿ ಸಮುದ್ರ ಸೇರುವ ಬಾಯಿಗೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ದಿನಕ್ಕೆರಡು ಬಾರಿ ಉಬ್ಬರದಲ್ಲಿ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಹಿಂದಕ್ಕೆ ಸರಿಯುತ್ತದೆ. ಮೇಲಿನಿಂದ ಸಿಹಿನೀರು ಕಾಡಿನ ಎಲೆಗೊಬ್ಬರ, ಮೆಕ್ಕಲು ಎಲ್ಲವನ್ನೂ ಹೊತ್ತು ತರುತ್ತದೆ. ಎರಡೂ ಬೆರೆಯುವ ಆ ಸಪ್ಪೆ ಉಪ್ಪಿನ ನೀರೇ ಸಮುದ್ರದ ಎಷ್ಟೋ ಜೀವಿಗಳಿಗೆ ತೊಟ್ಟಿಲು.

ಸೀಗಡಿಯನ್ನೇ ತೆಗೆದುಕೊಳ್ಳಿ. ಅನೇಕ ಜಾತಿಯ ಸೀಗಡಿ ಕಡಲಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಉಬ್ಬರದ ಜೊತೆ ಅಳಿವೆಯೊಳಕ್ಕೆ ಬಂದು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡು ಬೆಳೆಯುತ್ತವೆ. ಬಲಿತ ಮೇಲೆ ಮತ್ತೆ ಕಡಲಿಗೆ. ಕರಾವಳಿಯಿಂದ ಐಸು ಪೆಟ್ಟಿಗೆಯಲ್ಲಿ ಬಂದು ನಮ್ಮೂರ ಅಂಗಡಿಯಲ್ಲಿ ತಕ್ಕಡಿ ಏರುವ ಸೀಗಡಿಯ ಬಾಲ್ಯ ಕಳೆದದ್ದು ಯಾವುದೋ ನದಿ 'ಹಾಳು' ಮಾಡಿದ ನೀರಿನಲ್ಲಿ!

ಕುಮಟೆಯ ಕಡೆ ಒಮ್ಮೆ ನೋಡಿ

ಇದನ್ನು ಕಣ್ಣಾರೆ ಕಾಣಬೇಕೆಂದರೆ ಉತ್ತರ ಕನ್ನಡದ ಅಘನಾಶಿನಿಗೆ ಹೋಗಬೇಕು. ಸಿರ್ಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ನದಿಯಿದು. ಬಾಯಿಯ ಒಂದು ದಡಕ್ಕೆ ತದಡಿ, ಎದುರು ದಡಕ್ಕೆ ಅಘನಾಶಿನಿ ಎಂಬ ಹಳ್ಳಿ. ನಮ್ಮ ಕಾವೇರಿಗೆ ಎಷ್ಟೊಂದು ಕಟ್ಟೆ! ಅಘನಾಶಿನಿಗೆ ದೊಡ್ಡದೊಂದು ಅಣೆಕಟ್ಟೂ ಇಲ್ಲ. ಬಿದ್ದ ಮಳೆ ನೇರವಾಗಿ ಕಡಲಿಗೆ.

ಹಾಗಾದರೆ ಎಲ್ಲಾ ಹಾಳಾಯಿತೆ? ಇಳಿತದ ಹೊತ್ತಿಗೆ ಅಲ್ಲಿನ ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಕೆಸರಲ್ಲಿ ಕೈಯಾಡಿಸಿ ಬಳಚು ಎಂಬ ಚಿಪ್ಪುಜೀವಿ ಆಯುತ್ತಾರೆ. ಮನೆಯ ಸಾರಿಗೂ ಆಯಿತು, ಮಾರಿದರೆ ಕಾಸೂ ಆಯಿತು. ಬಂಡವಾಳ ಬೇಡ, ದೋಣಿ ಬೇಡ, ಮಾಲೀಕನ ಹಂಗೂ ಬೇಡ. 2008ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಲೆಕ್ಕದಂತೆ ಈ ಚಿಪ್ಪು ಕಸುಬೊಂದೇ ಎರಡು ಸಾವಿರಕ್ಕೂ ಮಿಕ್ಕಿದ ಜನರಿಗೆ ಕೆಲಸ ಕೊಟ್ಟು, ವರ್ಷಕ್ಕೆ ಐದೂವರೆ ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟು ನಡೆಸುತ್ತಿತ್ತು.

ಇನ್ನು ಗಜನಿ ಗದ್ದೆಗಳು. ಉಪ್ಪುನೀರು ತಗಲುವ ಈ ತಗ್ಗು ಭೂಮಿಯಲ್ಲಿ ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ನದಿಯ ಸಿಹಿನೀರು ಉಪ್ಪನ್ನು ಆಚೆ ತಳ್ಳುವ ಆ ನಾಲ್ಕು ತಿಂಗಳೇ ಬೇಸಾಯದ ಕಾಲ. ಈ ಭತ್ತ ನೆರೆನೀರಲ್ಲಿ ನಿಂತರೂ ಕೊಳೆಯದು, ಒಂದಿಷ್ಟು ಉಪ್ಪಿಗೂ ಜಗ್ಗದು, ಗೊಬ್ಬರವನ್ನೂ ಕೇಳದು. ಮೆಕ್ಕಲೇ ಗೊಬ್ಬರ. ಕೊಯ್ಲಾದ ಮೇಲೆ ತೂಬು ತೆಗೆದರೆ ಅದೇ ಗದ್ದೆಗೆ ಉಬ್ಬರದ ನೀರು, ನೀರಿನ ಜೊತೆ ಸೀಗಡಿ, ಮೀನು. ಆರು ತಿಂಗಳು ಅನ್ನ, ಆರು ತಿಂಗಳು ಸಾರು! ಪಕ್ಕದಲ್ಲೇ ಸಾಣಿಕಟ್ಟೆಯ ಉಪ್ಪಿನ ಆಗರಗಳು.

ಈ ಅಳಿವೆಯ ಮೇಲೆ ಕಣ್ಣು ಬಿದ್ದದ್ದೂ ಉಂಟು. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಾಗ ಸ್ಥಳೀಯರೂ ವಿಜ್ಞಾನಿಗಳೂ ಎದುರು ನಿಂತರು, ಯೋಜನೆ ಬಿದ್ದುಹೋಯಿತು. 2024ರ ಆರಂಭದಲ್ಲಿ 4,801 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ರಂಗನತಿಟ್ಟು ಅದೇ ಪಟ್ಟಿಗೆ ಸೇರಿದ್ದು 2022ರಲ್ಲಿ. ಇಷ್ಟಾದರೂ ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ ಕೇಳಿಬಂದಿದೆ. ಅಲ್ಲಿಯೂ ಅದೇ ವಾದ: ಸಮುದ್ರಕ್ಕೆ ಹೋಗಿ ಹಾಳಾಗುವ ನೀರು!

ಕಾವೇರಿಯ ಬಾಯಿ

ಈಗ ನಮ್ಮ ಕಾವೇರಿಯ ಕಡೆ ಬನ್ನಿ. ಅವಳು ಕಡಲು ಸೇರುವುದು ತಮಿಳುನಾಡಿನ ಪೂಂಪುಹಾರದ ಬಳಿ. ಹಿಂದೆ ಹಿಲ್ಸಾ ಎಂಬ ಮೀನು ಮೊಟ್ಟೆಯಿಡಲು ಕಡಲಿನಿಂದ ಕಾವೇರಿಯೊಳಕ್ಕೆ ಪ್ರವಾಹಕ್ಕೆದುರಾಗಿ ಈಜಿ ಬರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ನಂತರ ದಾರಿ ಮುಚ್ಚಿತು, ಆ ಮೀನುಗಾರಿಕೆ ನಶಿಸಿತು. ಕಟ್ಟೆಗಳು ತಡೆಯುವುದು ನೀರನ್ನು ಮಾತ್ರವಲ್ಲ, ಮೆಕ್ಕಲನ್ನೂ. ಮೆಕ್ಕಲು ಬಾರದ ತೀರವನ್ನು ಕಡಲು ಕೊರೆಯುತ್ತದೆ. ಸಿಹಿನೀರಿನ ಒತ್ತಡ ಇಳಿದರೆ ಬಾವಿಗಳಿಗೆ ಉಪ್ಪು ನುಗ್ಗುತ್ತದೆ.

ಕಟ್ಟೆ ಕಟ್ಟಿದ್ದೇ ತಪ್ಪು ಎಂದು ಹೇಳಲು ಮೈಸೂರಿನವರಿಗೆ ಬಾಯಿ ಬರುವುದಿಲ್ಲ. ಕನ್ನಂಬಾಡಿ ಇಲ್ಲದಿದ್ದರೆ ಮಂಡ್ಯದ ಹಸಿರೂ ಇಲ್ಲ, ನಮ್ಮ ನಲ್ಲಿಯ ನೀರೂ ಇಲ್ಲ. ಹೇಳುವುದಿಷ್ಟೆ: ಕಟ್ಟೆ ದಾಟಿ ಹೋದ ನೀರಿಗೂ ಮುಂದೆ ಕೆಲಸವಿದೆ. 2007ರ ಅಂತಿಮ ತೀರ್ಪಿನಲ್ಲಿ ಕಾವೇರಿ ನ್ಯಾಯಾಧೀಕರಣವೇ 740 ಟಿ.ಎಂ.ಸಿ. ಅಡಿಯ ಲೆಕ್ಕದಲ್ಲಿ 10 ಟಿ.ಎಂ.ಸಿ.ಯನ್ನು ಪರಿಸರ ರಕ್ಷಣೆಗೆಂದು ತೆಗೆದಿಟ್ಟಿತು. ತಡೆಯಲಾಗದೆ ಸಮುದ್ರ ಸೇರುವ ನೀರೆಂದು ಇನ್ನೂ 4 ಟಿ.ಎಂ.ಸಿ. ಬರೆಯಿತು. ಒಟ್ಟಿನಲ್ಲಿ ನೂರಕ್ಕೆ ಎರಡು ಪಾಲೂ ಆಗಲಿಲ್ಲ.

ನಾವು ಕಳಿಸುವುದೇನು?

"ಅದೆಲ್ಲ ಸರಿ ಸಾರ್, ಮೈಸೂರಿಗೂ ಸಮುದ್ರಕ್ಕೂ ಏನು ಸಂಬಂಧ?" ಎಂದು ಕೇಳುವವರಿದ್ದಾರೆ. ಇದೆ ಸ್ವಾಮಿ, ದಿನಾ ಬೆಳಿಗ್ಗೆ ಇದೆ!

ನಮ್ಮ ಊರು ಎರಡು ನದಿಗಳ ನಡುವಿನ ದಿಣ್ಣೆಯ ಮೇಲೆ ಕೂತಿದೆ. ಕೆಸರೆ ಕಡೆಗೆ ಹರಿದ ಕೊಳಚೆ ಕಾವೇರಿಯ ದಿಕ್ಕಿಗೆ. ವಿದ್ಯಾರಣ್ಯಪುರಂ ದಾಟಿ ದಳವಾಯಿ ಕೆರೆ ಕಡೆಗೆ ಹರಿದದ್ದು ಕಬಿನಿಯ ದಿಕ್ಕಿಗೆ. ಎರಡು ನದಿಗಳೂ ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಕುಂಭಮೇಳದಲ್ಲಿ ನಾವೇ ಹೋಗಿ ಮುಳುಗೇಳುವ ಸಂಗಮವದು. ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆಗಳಲ್ಲಿ ಕೊಳಚೆ ಶುದ್ಧೀಕರಣ ಘಟಕಗಳೇನೋ ಇವೆ. ಆದರೆ ಊರು ವರ್ತುಲ ರಸ್ತೆ ದಾಟಿ ಬೆಳೆದಿದೆ. ಹೊಸ ಬಡಾವಣೆಗಳಲ್ಲಿ ಪಾಯಿಖಾನೆಯ ನೀರು ಮಳೆನೀರಿನ ಮೋರಿಗೆ, ಮೋರಿ ಕೆರೆಗೆ ಸೇರುತ್ತಿರುವ ದೂರುಗಳಿಗೆ ಕೊನೆಯಿಲ್ಲ.

ಹಾಗಾಗಿ ಲೆಕ್ಕ ಹಾಕಿ ನೋಡಿ. ಮಳೆ ಜೋರಾದ ವರ್ಷ ಕಟ್ಟೆ ದಾಟಿ ಕಡಲಿಗೆ ಹೋಗುವ ಕೆಂಪು ನೀರು ಯಾರದೋ ಬಲೆಗೆ ಮೀನು, ಯಾರದೋ ಗದ್ದೆಗೆ ಮೆಕ್ಕಲು. ಮಳೆಯಿರಲಿ ಬರವಿರಲಿ, ವರ್ಷದ 365 ದಿನವೂ ನಾವು ಕಳಿಸುತ್ತಿರುವ ಕಪ್ಪು ನೀರು ಯಾರಿಗೂ ಏನೂ ಅಲ್ಲ. ಅದನ್ನು ಶುದ್ಧ ಮಾಡಿದರೆ ತೋಟಕ್ಕೂ ಆದೀತು, ಕಾರ್ಖಾನೆಗೂ ಆದೀತು, ಉಳಿದದ್ದು ನದಿಗೂ ಆದೀತು. 'ಹಾಳು' ಎಂಬ ಪದ ಬಳಸಲೇಬೇಕೆಂದಿದ್ದರೆ ಅದಕ್ಕೆ ಬಳಸೋಣ.

ಮುಂದಿನ ಬಾಗಿನದ ಹೊತ್ತಿಗೆ ಹೊಸ ಬಡಾವಣೆಗಳ ಮೋರಿಗಳಲ್ಲಿ ಒಂದಾದರೂ ಕೆರೆಯ ದಾರಿ ಬಿಟ್ಟು ಶುದ್ಧೀಕರಣ ಘಟಕದ ದಾರಿ ಹಿಡಿದೀತೆ? ಸಂಬಂಧಪಟ್ಟವರು ಗಮನಿಸುವರೇ?