ಫ್ರಾಯ್ಡ್ ಹೊಗಳಿದ ಬಿಳಿ ಪುಡಿ

1884ರ ವಿಯೆನ್ನಾ. ಇಪ್ಪತ್ತೆಂಟರ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕೊಕೇನನ್ನು ಹಾಡಿ ಹೊಗಳಿ ಪ್ರಬಂಧ ಬರೆದ. ಅಜೀರ್ಣ, ನಿಶ್ಶಕ್ತಿ, ಕೊನೆಗೆ ಮಾರ್ಫಿನ್ ಚಟ, ಎಲ್ಲಕ್ಕೂ ಅದೇ ಮದ್ದು ಎಂಬ ಉತ್ಸಾಹ ಅವನದು. ನೋವು ತಾಳಲಾರದೆ ಮಾರ್ಫಿನ್ನಿಗೆ ಅಂಟಿಕೊಂಡಿದ್ದ ಗೆಳೆಯ ಅರ್ನ್ಸ್ಟ್ ಫ್ಲೈಶಲ್‌ಗೂ ಅದನ್ನೇ ಕೊಡಿಸಿದ. ಮಾರ್ಫಿನ್ ಬಿಡಲಿಲ್ಲ, ಕೊಕೇನ್ ಜೊತೆಗೂಡಿತು. ಮೈಮೇಲೆ ಹಾವು ಹರಿದಂಥ ಭ್ರಮೆಗಳು ಶುರುವಾದವು. 1891ರಲ್ಲಿ ಫ್ಲೈಶಲ್ ತೀರಿಕೊಂಡಾಗ ಅವನಿಗೆ ಬರೀ ನಲವತ್ತೈದು.

ಫ್ರಾಯ್ಡ್‌ಗೆ ಕಾಣದೇ ಹೋದದ್ದು ಮಿದುಳಿನೊಳಗಿನ ವ್ಯವಹಾರ. ಊಟ, ಗೆಲುವು, ಒಲವು ಸಿಕ್ಕಾಗ ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಒಸರುತ್ತದೆ. ಕೆಲಸ ಮುಗಿದೊಡನೆ ನರಕೋಶಗಳು ಅದನ್ನು ಮರಳಿ ಹೀರಿಕೊಳ್ಳುತ್ತವೆ. ಕೊಕೇನ್ ಆ ಹೀರುವ ಬಾಗಿಲಿಗೇ ಅಗುಳಿ ಹಾಕುತ್ತದೆ. ಡೋಪಮಿನ್ ತುಂಬಿ ತುಳುಕುತ್ತದೆ, ಲೋಕವೇ ಅಂಗೈಯಲ್ಲಿದೆ ಅನ್ನಿಸುತ್ತದೆ. ಮೂಗಿನಿಂದ ಎಳೆದರೆ ಈ ಅಮಲು ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಜೋಮು, ಸಿಡುಕು, ಮತ್ತೆ ಬೇಕೆಂಬ ತಹತಹ. ವರ್ಷಗಟ್ಟಲೆ ಹೀಗೇ ನಡೆದರೆ ಡೋಪಮಿನ್ ಗ್ರಾಹಕಗಳು ಕಡಿಮೆಯಾಗುತ್ತವೆ. ಆಗ ಹಬ್ಬದೂಟವೂ ಸಪ್ಪೆ, ಮಗುವಿನ ನಗುವೂ ಸಪ್ಪೆ. ವಿವೇಚನೆಯ ಕಡಿವಾಣ ಹಿಡಿಯುವ ಮಿದುಳಿನ ಮುಂಭಾಗವೂ ಸೊರಗುತ್ತದೆ. ಇಂಥವರಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಉಪದೇಶಿಸುವುದು ಸುಲಭ. ಆದರೆ ಗಟ್ಟಿ ಮಾಡಿಕೊಳ್ಳಬೇಕಾದ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ.

ಅದೇ 1884ರಲ್ಲಿ ವೈದ್ಯ ಕಾರ್ಲ್ ಕೋಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿ ಶಸ್ತ್ರಚಿಕಿತ್ಸೆಗೆ ದಾರಿ ತೆರೆದ. ನರದ ವಿದ್ಯುತ್ ಸಂದೇಶವನ್ನು ತಡೆಯುವ ಆ ಗುಣವೇ ಹೃದಯಕ್ಕೆ ಬಂದಾಗ ಬಡಿತದ ತಾಳ ತಪ್ಪಿಸುತ್ತದೆ. ಜೊತೆಗೆ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯು ಎರಡಕ್ಕೂ ಇದು ಆಹ್ವಾನ. ‘ಪಾರ್ಟಿಯಲ್ಲಿ ಒಂದೇ ಸಲ’ ಎನ್ನುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. 1986ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಪ್ರತಿಭೆ ಲೆನ್ ಬಯಾಸ್‌ನನ್ನು ಬಾಸ್ಟನ್ ಸೆಲ್ಟಿಕ್ಸ್ ತಂಡ ಆರಿಸಿಕೊಂಡಿತು. ಎರಡೇ ದಿನಕ್ಕೆ ಕೊಕೇನ್ ಅವನ ಹೃದಯ ನಿಲ್ಲಿಸಿತು. ವಯಸ್ಸು 22. ಮದ್ಯವೂ ಸೇರಿದರೆ ಯಕೃತ್ತಿನಲ್ಲಿ ಕೊಕಾಎಥಿಲೀನ್ ಎಂಬ ಮೂರನೇ ವಿಷ ಹುಟ್ಟುತ್ತದೆ. ದೇಹದಲ್ಲಿ ಕೊಕೇನಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಈ ಚಟ ಬಿಡಿಸಲೆಂದೇ ಮಾನ್ಯತೆ ಪಡೆದ ಮಾತ್ರೆ ಇನ್ನೂ ಬಂದಿಲ್ಲ. ಆಪ್ತಸಮಾಲೋಚನೆ, ವರ್ತನಾ ಚಿಕಿತ್ಸೆ, ಮನೆಯವರ ತಾಳ್ಮೆಯಿಂದ ಹೊರಬಂದವರಂತೂ ಇದ್ದಾರೆ. ಸೇವಿಸಿದ ಮೇಲೆ ಎದೆನೋವು ಬಂದರೆ ವೈದ್ಯರ ಮುಂದೆ ನಿಜ ಹೇಳಿ, ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಪೊಲೀಸರ ಭಯಕ್ಕೆ ಮಗನನ್ನು ಕೋಣೆಯಲ್ಲಿ ಬಚ್ಚಿಡುವ ತಂದೆತಾಯಿಗೂ ಒಂದು ಮಾತು: ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ಭಾರತದ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಷರತ್ತುಬದ್ಧ ರಕ್ಷಣೆ ಕೊಡುತ್ತದೆ. ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ.