ಅಂಟಿದಲ್ಲೇ ಹೆಪ್ಪುಗಟ್ಟಿದ ಜೀವಕೋಶಗಳು
ಜೀವಕೋಶಗಳನ್ನು ವರ್ಷಗಟ್ಟಲೆ ಕಾಪಿಡುವುದು ಹೇಗೆಂದು ನಮ್ಮ ತರಗತಿಗಳಲ್ಲಿ ಮಕ್ಕಳು ಕೇಳುವುದುಂಟು. ಪ್ರಯೋಗಾಲಯದಲ್ಲಿ ಬಹುಪಾಲು ಕೋಶಗಳು ತಟ್ಟೆಯ ತಳಕ್ಕೆ ಅಂಟಿಕೊಂಡೇ ಬೆಳೆಯುತ್ತವೆ. ವಾಡಿಕೆಯಂತೆ ಅವನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಬಿಡಿಸಿ, ಸುಮಾರು ಶೇ. 10ರಷ್ಟು ಡಿಎಂಎಸ್‌ಒ ಬೆರೆಸಿದ ದ್ರವದಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ಬಳಿಕ ದ್ರವ ಸಾರಜನಕದಲ್ಲಿ (−196 ಡಿಗ್ರಿ ಸೆಲ್ಸಿಯಸ್) ಇರಿಸುತ್ತಾರೆ. ಅವಸರಿಸಿದರೆ ನೀರು ಹೊರಬರುವ ಮುನ್ನವೇ ಕೋಶದೊಳಗೆ ಹಿಮಹರಳು ಮೂಡುತ್ತದೆ.

ಆದರೆ ನರಕೋಶಗಳ ಜಾಲವನ್ನು ಬಿಡಿಸಹೊರಟರೆ ಅವುಗಳ ಸಂಪರ್ಕಗಳೇ ಹರಿದುಹೋಗುತ್ತವೆ. ಆದ್ದರಿಂದಲೇ ಅಂಟಿದಲ್ಲೇ ಹೆಪ್ಪುಗಟ್ಟಿಸುವ ಯತ್ನ. ತೊಡಕೂ ಅಲ್ಲಿಯೇ ಇದೆ: ಒಂದು ಕೋಶದ ಹಿಮವು ನಡುವಣ ಸೂಕ್ಷ್ಮ ದ್ವಾರಗಳ ಮೂಲಕ ನೆರೆಯ ಕೋಶಕ್ಕೆ ದಾಟಬಲ್ಲದು, ಪ್ಲಾಸ್ಟಿಕ್ಕೂ ಹಿಮವೂ ಸಮನಾಗಿ ಕುಗ್ಗದ ಕಾರಣ ಹಿಡಿತವೂ ಸಡಿಲಬಹುದು. ಕರಗಿಸಿದೊಡನೆ ಜೀವಂತವೆನಿಸಿದ ಕೋಶ ಮರುದಿನ ಕಳಚಿ ತೇಲುವುದುಂಟು. ಉಳಿದವನ್ನು ಆಗಲೇ ಎಣಿಸುವುದು ಲೇಸೆಂದು ನಮ್ಮ ಮತ.